ಪ್ರವಾಸಿಯ ಆಮ್ಲೆಟ್

ಅಡುಗೆಮನೆ ಮುಚ್ಚಿದೆ ಎಂದು ಮದಾಮ್ ಲಾಬೋರಿ ತಮ್ಮ ಊಟದ ಹೋಟೆಲಿನ ಬಾಗಿಲಿಗೆ ಅಡ್ಡ ನಿಂತೇ ಹೇಳಿಬಿಟ್ಟರು. ಗೋಡೆ ಗಡಿಯಾರದಲ್ಲಿ ಒಂದು ಗಂಟೆ ಐವತ್ತು ನಿಮಿಷ. ಓರಿಯಾಕ್‌ನಲ್ಲಿ ಮಧ್ಯಾಹ್ನದ ಊಟವೆಂದರೆ ಹನ್ನೆರಡಕ್ಕೆ. ಒಂದೂವರೆಗೆ ಒಲೆ ಆರಿತೆಂದರೆ ಊರಿನ ಮೇಯರೇ ಹಸಿದು ಬಂದರೂ ಮತ್ತೆ ಹೊತ್ತುವುದಿಲ್ಲ.

ಬಾಗಿಲಾಚೆ ನಿಂತಿದ್ದ ರೆಜಿಸ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಇಪ್ಪತ್ತಾರು ವರ್ಷ ಪ್ಯಾರಿಸ್‌ನಲ್ಲಿದ್ದು, ಈಗ ಅಲ್ಲಿನ ಮನೆ ಮಾರಿ ಇಲ್ಲಿಗೇ ಬಂದು ನೆಲೆಸಬೇಕೆಂಬ ಹುಚ್ಚು ಹತ್ತಿಸಿಕೊಂಡಿದ್ದ. ಅವನ ಹೆಂಡತಿ ಸೊಲೆನ್‌ಗೆ ಪ್ಯಾರಿಸ್ ಬಿಡಲು ಸುತರಾಂ ಮನಸ್ಸಿರಲಿಲ್ಲ. ನಮ್ಮೂರಲ್ಲಿ ಎಲ್ಲರಿಗೂ ನಾನು ಗೊತ್ತು ಎಂದು ಅವನು ದಿನಾ ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿ ಬೇಸತ್ತು, ವಾರದ ಕೊನೆಗೆ ಎರಡು ದಿನ ಊರು ನೋಡಿ ಬರೋಣವೆಂದು ಹೊರಟಾಗ ಅವಳು ಒಂದು ಷರತ್ತು ಹಾಕಿದ್ದಳು. ಅವನು ಹೆಸರು ಹೇಳದೆ ಆ ಊರಿನಲ್ಲಿ ಒಬ್ಬರಾದರೂ ಅವನ ಗುರುತು ಹಿಡಿದರೆ ಮನೆ ಹುಡುಕುವುದು. ಇಲ್ಲದಿದ್ದರೆ ಆ ಮಾತನ್ನು ಇನ್ನು ಎತ್ತಕೂಡದು.

ನಿನ್ನೆ ಸಂಜೆಯಿಂದ ಒಂದು ನರಪಿಳ್ಳೆಯೂ ಗುರುತು ಹಿಡಿದಿರಲಿಲ್ಲ. ಲಾಡ್ಜಿನ ಹುಡುಗಿ, ಮೊದಲ ಸಲ ಬರುತ್ತಿದ್ದೀರಾ ಎಂದು ವಿಚಾರಿಸಿ, ನಕ್ಷೆಯೊಂದನ್ನು ಕೈಗಿತ್ತು, ಅವನು ಹುಟ್ಟಿದ ಬೀದಿಗೇ ಪೆನ್ನಿನಿಂದ ಸುತ್ತು ಹಾಕಿ, ಇದನ್ನು ತಪ್ಪದೇ ನೋಡಿ ಎಂದಿದ್ದಳು. ಸಂತೆಯಲ್ಲಿ ಚೀಸ್ ಮಾರುವವನು ಚಾಕುವಿನ ತುದಿಯಲ್ಲಿ ಒಂದು ಚೂರು ಕೊಟ್ಟು, ನಮ್ಮ ಕಡೆ ಚೀಸ್ ಮಾಡುವುದು ಹೇಗೆಂದು ನಿಧಾನವಾಗಿ ಬಿಡಿಸಿ ಹೇಳಿದ್ದ. ಹನ್ನೆರಡಕ್ಕೇ ಹಸಿವು ಎಂದಿದ್ದ ಸೊಲೆನ್‌ಗೆ ರೆಜಿಸ್, ಅವಸರವೇನಿಲ್ಲ, ಮದಾಮ್ ಲಾಬೋರಿ ನನಗೆ ಯಾವ ಹೊತ್ತಿನಲ್ಲಾದರೂ ಆಲೂಗಡ್ಡೆಗೆ ಎಳೆ ಚೀಸ್ ಕಲಸಿ ಹುರಿದು ಬಡಿಸುತ್ತಾರೆ ಎಂದು ಭರವಸೆ ಕೊಟ್ಟಿದ್ದ. ಆಮೇಲೆ ತನಗೆ ಮಾತ್ರ ಗೊತ್ತಿರುವ ಒಳದಾರಿಯೆಂದು ಅವಳನ್ನು ಮುಕ್ಕಾಲು ಗಂಟೆ ಸುತ್ತಿಸಿದ್ದ. ಒಳದಾರಿ ಹೋಗಿ ನಿಂತದ್ದು ಕಾರು ನಿಲ್ಲಿಸುವ ಕಟ್ಟಡದ ಗೋಡೆಗೆ.

ಎಂಬತ್ತರ ಹತ್ತಿರದ ಮದಾಮ್ ಲಾಬೋರಿ ಸೊಲೆನ್‌ಳ ಕೈಯಲ್ಲಿದ್ದ ನಕ್ಷೆ ನೋಡಿದರು. ಅವಳು ಒಂದು ಕಾಲಿನ ಚಪ್ಪಲಿ ಬಿಚ್ಚಿ ಹಿಮ್ಮಡಿ ತಿಕ್ಕಿಕೊಳ್ಳುವುದನ್ನೂ ನೋಡಿದರು. ಮನಸ್ಸು ಕರಗಿತು.

"ಪ್ರವಾಸಕ್ಕೆ ಬಂದೋರಾ? ಪಾಪ, ನಮ್ಮೂರಿನ ಹೊತ್ತುಗೊತ್ತು ನಿಮಗೆ ಹೇಗೆ ತಿಳೀಬೇಕು. ಬನ್ನಿ, ಇಬ್ಬರಿಗೂ ಒಂದೊಂದು ಆಮ್ಲೆಟ್ ಹಾಕ್ಕೊಡ್ತೀನಿ."

ಸೊಲೆನ್ ಎರಡು ಸಲ ಹೇಳಿಸಿಕೊಳ್ಳದೆ ಹೋಗಿ ಕುಳಿತು ಬ್ರೆಡ್ಡಿಗೆ ಕೈ ಹಾಕಿದಳು. ಮದಾಮ್ ಬುಟ್ಟಿಯಿಂದ ನಾಲ್ಕು ಮೊಟ್ಟೆ ತೆಗೆದರು. ರೆಜಿಸ್ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅದರಲ್ಲಿ ಎರಡು ಅವನ ಹೊಟ್ಟೆ ಸೇರುತ್ತಿದ್ದವು. ಆದರೆ ಹುಟ್ಟಿದ ಊರಿನಲ್ಲೇ 'ಪಾಪ' ಅನ್ನಿಸಿಕೊಂಡದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಪ್ರವಾಸಿ ಅಲ್ಲ ಮದಾಮ್. ಇಲ್ಲೇ ಹುಟ್ಟಿದೋನು."

ಮದಾಮ್ ಮೊಟ್ಟೆಗಳನ್ನು ಕೆಳಗಿಟ್ಟು, ತಲೆಗೇರಿಸಿದ್ದ ಕನ್ನಡಕವನ್ನು ಮೂಗಿಗಿಳಿಸಿದರು. ಹಣೆ ನೋಡಿದರು, ಗಲ್ಲ ನೋಡಿದರು, ಕೊನೆಗೆ ಅವರ ಕಣ್ಣು ಕಿವಿಗಳ ಹತ್ತಿರ ಬಂದು ನಿಂತಿತು. ಸೊಲೆನ್ ಬ್ರೆಡ್ ಅಗಿಯುವುದನ್ನು ನಿಲ್ಲಿಸಿದಳು.

"ಈ ಕಿವಿ... ಗಡಿಯಾರದಂಗಡಿ ಬ್ರೂಸ್‌ನ ಮಗ ಅಲ್ವೇನೋ ನೀನು? ದೊಡ್ಡೋನಲ್ಲ, ಎರಡನೆಯೋನು. ಚೆಂಡು ಹೊಡೆದು ನಮ್ಮ ಕಿಟಕಿ ಗಾಜು ಒಡೆದೋನು."

ರೆಜಿಸ್, ಈಗೇನಂತೀಯ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಮದಾಮ್ ಎರಡು ಮೊಟ್ಟೆಗಳನ್ನು ಬುಟ್ಟಿಗೆ ವಾಪಸು ಹಾಕುತ್ತಿದ್ದರು.

"ನಿಮ್ಮಪ್ಪ ನಲವತ್ತು ವರ್ಷ ಶನಿವಾರ ಶನಿವಾರ ಇಲ್ಲೇ ಊಟ ಮಾಡಿದ. ಹನ್ನೆರಡು ಹೊಡೆಯೋ ಮುಂಚೆನೇ ಕುತ್ತಿಗೆಗೆ ಬಟ್ಟೆ ಸಿಗಿಸಿಕೊಂಡು ಕೂತಿರ್ತಿದ್ದ. ಆ ಗೋಡೆ ಗಡಿಯಾರಕ್ಕೆ ಕೀಲಿ ಕೊಡ್ತಿದ್ದೋನೂ ಅವನೇ. ಅದರ ಕೆಳಗೇ ನಿಂತು, ಒಂದೂ ಐವತ್ತಕ್ಕೆ ಊಟ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?"

ಒಳದಾರಿಗೆ ಗೋಡೆ ಅಡ್ಡ ಬಂತು ಎಂದು ರೆಜಿಸ್ ತೊದಲಿದ.

"ಅದು ಕಟ್ಟಿ ಹದಿನೈದು ವರ್ಷ ಆಯ್ತು. ಬಂದು ಹೋಗಿ ಮಾಡ್ತಿದ್ದಿದ್ರೆ ಗೊತ್ತಿರ್ತಿತ್ತು."

ಈ ಮಾತು ಅವನಿಗೆ ನಾಟಿತು. ಅಪ್ಪ ಹೋದ ಮೇಲೆ ಅವನು ಈ ಕಡೆ ತಲೆ ಹಾಕಿರಲಿಲ್ಲ. ಆದರೂ ನಾಚಿಕೆ ಬಿಟ್ಟು ಆಮ್ಲೆಟ್ಟಿನ ವಿಷಯ ಕೇಳಿದ.

"ಅದು ಹೊತ್ತು ತಿಳಿಯದೆ ಇರೋ ಪರವೂರಿನೋರಿಗೆ. ನೀನು ಊರೋನು. ಸುಮ್ನೆ ಕಂಬದ ಹಾಗೆ ನಿಲ್ಬೇಡ, ಆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಎತ್ತಿಡು. ನಾನು ನೆಲ ಒರೆಸಬೇಕು."

ರೆಜಿಸ್ ಕೋಟು ಬಿಚ್ಚಿಟ್ಟು ಕುರ್ಚಿ ಎತ್ತತೊಡಗಿದ. ಹೊಟ್ಟೆ ತಾಳ ಹಾಕುತ್ತಿತ್ತು. ಮುಖ ಮಾತ್ರ ಮದುವೆ ದಿನ ಇದ್ದುದಕ್ಕಿಂತ ಅರಳಿತ್ತು. ಬೆಣ್ಣೆಯಲ್ಲಿ ಬೆಂದ ಆಮ್ಲೆಟ್ ಬಂದಾಗ ಸೊಲೆನ್‌ಗೆ ಕನಿಕರ ಹುಟ್ಟಿ, ಒಂದು ತುಂಡನ್ನು ಫೋರ್ಕಿಗೆ ಚುಚ್ಚಿ ಅವನತ್ತ ಚಾಚಿದಳು. ಅಡುಗೆಮನೆಯಿಂದ ಮದಾಮ್ ಬೆನ್ನು ತಿರುಗಿಸಿಕೊಂಡೇ ಕೆಮ್ಮಿದರು. ತುಂಡು ಅವಳ ಬಾಯಿಗೇ ಹೋಯಿತು.

ತಟ್ಟೆಯಲ್ಲಿ ಉಳಿದಿದ್ದ ಬೆಣ್ಣೆಯನ್ನು ಬ್ರೆಡ್ಡಿನ ಚೂರಿನಿಂದ ಬಳಿದು ತಿಂದು ಸೊಲೆನ್ ಹಿಂದಕ್ಕೊರಗಿದಳು.

"ಸರಿ, ಮನೆ ನೋಡೋಣ," ಎಂದಳು. "ಆದ್ರೆ ಈಗ್ಲೇ ಹೇಳಿರ್ತೀನಿ, ಎಷ್ಟು ವರ್ಷ ಆದ್ರೂ ನಾನಿಲ್ಲಿ ಪ್ರವಾಸಿನೇ."