ಮಾವ ಎಳೆದ ವೈರು

"ಮೊದಲು ನನ್ನನ್ನ ಕತ್ತರಿಸು, ಆಮೇಲೆ ವೈರು," ಎಂದು ಫೋಟೊಗ್ರಾಫರು ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಎದುರಿಗೆ ಕಟಿಂಗ್ ಪ್ಲೇಯರ್ ಹಿಡಿದು ನಿಂತವಳು ಹೊರಗಿನವಳಲ್ಲ, ಸ್ವಂತ ತಂಗಿಯ ಮಗಳು, ಸೋದರಸೊಸೆ. ಮುಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು.

"ಮಾವ, ವೈರಿಗೆ ವಯಸ್ಸಾಯ್ತು. ವೈಫೈ ಹಾಕ್ಕೊಡ್ತೀನಿ. ಕಣ್ಣಿಗೂ ಕಾಣಲ್ಲ, ಕಾಲಿಗೂ ತೊಡರಲ್ಲ."

"ಇದು ಯಾರ ಕಾಲಿಗೆ ತೊಡರಿದೆ, ಹೇಳು ನೋಡೋಣ?"

ಅದೇನೋ ನಿಜ. ಮುಂದಿನ ಕೋಣೆಯ ಸ್ಟುಡಿಯೋದಿಂದ ಹೊರಟ ಆ ವೈರು ಬಾಗಿಲ ಚೌಕಟ್ಟು ಹತ್ತಿ, ಬೀರುವಿನ ಹಿಂದೆ ಇಳಿದು, ಅಡುಗೆಮನೆಯ ಗೋಡೆ ಬಳಸಿ, ಹಿಂದಿನ ಕೋಣೆಯಲ್ಲಿ ಹೆಂಡತಿಯ ಮೇಜು ಸೇರುವವರೆಗೂ ಗೇಣಿಗೊಂದು ಕ್ಲಿಪ್ಪಿನಂತೆ ನೆಟ್ಟಗೆ ಕೂತಿತ್ತು. ಯಾರ ಹತ್ತಿರವೂ ಕಲಿಯದೆ, ಹಳೆಯ ವೈರೊಂದನ್ನು ಸೀಳಿ ಒಳಗಿನ ಎಳೆಗಳ ಬಣ್ಣ ನೋಡಿಕೊಂಡು, ಒಂದು ಡಬ್ಬಿ ಪ್ಲಗ್ಗು ಹಾಳುಮಾಡಿ ಗೆದ್ದವರು ಫೋಟೊಗ್ರಾಫರು. ಇಲ್ಲಿ ಅವರು ತೆಗೆದ ಫೋಟೊ ಅಲ್ಲಿ ಹೆಂಡತಿಯ ಕಂಪ್ಯೂಟರಿಗೆ ಹೋಗಬೇಕು. ಆಕೆ ಕೆದರಿದ ಕೂದಲು ಒಪ್ಪಮಾಡಿ, ಮೂಗಿನ ಕೆಳಗಿನ ನೆರಳು ಅಳಿಸಿ, ಪ್ರಿಂಟು ತೆಗೆಯಬೇಕು. ಆ ಎರಡು ಕಂಪ್ಯೂಟರುಗಳಿಗೂ ಇಂಟರ್ನೆಟ್ ಇರಲಿಲ್ಲ. ಒಂದಕ್ಕೆ ಇನ್ನೊಂದೇ ದಿಕ್ಕು. ಹೆಂಡತಿಗೆ ಹೊಸ ಕಂಪ್ಯೂಟರ್ ತಂದಂದಿನಿಂದ ಅದು ಇವರದಕ್ಕೆ ಕಾಣುತ್ತಲೇ ಇಲ್ಲ. ಪೆನ್‌ಡ್ರೈವ್ ಹಿಡಿದು ಹಿಂದಕ್ಕೂ ಮುಂದಕ್ಕೂ ಓಡಾಡಿ ಫೋಟೊಗ್ರಾಫರ ಮೊಣಕಾಲು ದೂರು ಹೇಳತೊಡಗಿತ್ತು. ಅದನ್ನಾದರೂ ಸಹಿಸಿಯಾರು, ವೈರನ್ನು ಅಂದರೆ ಸಹಿಸರು.

"ವಿಚಾರಣೆ ಇಲ್ದೆ ಶಿಕ್ಷೆ ಕೊಡ್ಬೇಡ ಕಣೇ."

ಸೊಸೆ ನಿಟ್ಟುಸಿರು ಬಿಟ್ಟು ಚೀಲದಿಂದ ಟೆಸ್ಟರ್ ತೆಗೆದಳು. ಅದರ ಒಂದು ತುಂಡನ್ನು ವೈರಿನ ಈ ತುದಿಗೆ ಸಿಕ್ಕಿಸಿದಳು, ಇನ್ನೊಂದನ್ನು ಹಿಂದಿನ ಕೋಣೆಗೆ ಒಯ್ದು ಆ ತುದಿಗೆ ಸಿಕ್ಕಿಸಿ ಬಂದಳು. "ಅತ್ತೇ, ಎಂಟು ಎಳೆಗೆ ಎಂಟು ದೀಪ. ಹತ್ತಿದ ಹಾಗೆ ಕೂಗಿ!"

"ಒಂದು!" ಎಂದು ಹಿಂದಿನಿಂದ ದನಿ ಬಂತು. "ಎರಡು! ಮೂರು!"

ಫೋಟೊಗ್ರಾಫರು ಕಣ್ಣು ಮುಚ್ಚಿಕೊಂಡರು. ಆರರವರೆಗೆ ಬಂದ ದನಿ ಅಲ್ಲೇ ನಿಂತಿತು. ಅವರು ಥಟ್ಟನೆ ಕಣ್ಣು ತೆರೆದರು.

"ಯಾಕೆ ನಿಲ್ಸಿದೆ?"

"ಕನ್ನಡಕ ಜಾರ್ತು ರೀ. ಮತ್ತೆ ಮೊದಲಿಂದ ಹತ್ತುತ್ತಾ ಇದೆ, ತಾಳಿ... ಏಳು! ಎಂಟು!"

"ಎಂಟಕ್ಕೆ ಎಂಟು," ಎಂದು ಸೊಸೆ ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡಳು. "ತಪ್ಪಾಯ್ತು ಮಾವ."

"ಇನ್ನೊಂದ್ಸಲ ಕೂಗಿಸು."

"ಮತ್ಯಾಕೆ?"

"ಪಕ್ಕದ ಮನೆಯವರಿಗೂ ಕೇಳ್ಲಿ."

ವೈರು ಗೆದ್ದಿತು, ಕಂಪ್ಯೂಟರು ಮಾತ್ರ ಕಾಣಲಿಲ್ಲ. ಸೊಸೆ ಹಿಂದಿನ ಕೋಣೆಗೆ ಹೋಗಿ ಕೂತಳು. ಫೋಟೊಗ್ರಾಫರು ಅವಳ ಹಿಂದೆಯೇ ಹೋದರು. ಅವಳು ಕೇಳಿದಳು: "ಅತ್ತೆ, ಹೊಸ ಕಂಪ್ಯೂಟರಿಗೆ ವೈರು ಚುಚ್ಚಿದಾಗ ಅದು ಏನಾದ್ರೂ ಕೇಳ್ತಾ?"

"ಕೇಳ್ತು ಕಣೇ. ಬೇರೆ ಕಂಪ್ಯೂಟರುಗಳಿಗೆ ನಾನು ಕಾಣಿಸ್ಕೊಳ್ಳಲಾ ಅಂತ. ಬೇಡ ಅಂತ ಒತ್ತಿದೆ."

"ಅಯ್ಯೋ, ಯಾಕತ್ತೆ?"

ಅತ್ತೆ ಗದ್ದದಿಂದಲೇ ಗಂಡನನ್ನು ತೋರಿಸಿದಳು. "ನಿಮ್ಮ ಮಾವನ ಕಟ್ಟಪ್ಪಣೆ. ಅದು ಏನೇ ಕೇಳ್ಲಿ, ಓದೋಕೆ ಹೋಗ್ಬೇಡ, ಕಣ್ಣುಮುಚ್ಕೊಂಡು ಬೇಡ ಅನ್ನು ಅಂತ. ನಾನು ಓದಿದ್ದೆ. ಕಾಣಿಸ್ಕೊಳ್ಳೋದೇ ಸರಿ ಅಂತಾನೂ ಅನ್ನಿಸ್ತು. ಆದ್ರೂ ಅವರ ಮಾತಿಗೆ ಬೇಡ ಅಂದೆ."

ಫೋಟೊಗ್ರಾಫರು ಗೋಡೆಯ ಕ್ಲಿಪ್ಪೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಸೊಸೆ ನಗು ನುಂಗಿಕೊಂಡು "ಬೇಡ" ಎಂದಿದ್ದನ್ನು "ಹೌದು" ಮಾಡಿದಳು. ಫೋಟೊಗ್ರಾಫರು ಮುಂದಿನ ಕೋಣೆಗೆ ಓಡಿ ತಮ್ಮ ಕಂಪ್ಯೂಟರ್ ನೋಡಿದರು. "ಬಂದ್ಲು! ನಿಮ್ಮತ್ತೆ ಬಂದ್ಲು ಇಲ್ಲಿ!"

ಹೊರಡುವಾಗ ಸೊಸೆ ಫೋನು ತೆಗೆದು, ಚೌಕಟ್ಟಿನ ಮೂಲೆಯಲ್ಲಿ ವೈರು ತಿರುಗಿದ ಜಾಗದ ಫೋಟೊ ಹಿಡಿದಳು.

"ಫೋಟೊಗ್ರಾಫರ ಮನೇಲಿ ನೀನು ಫೋಟೊ ತೆಗೀತೀಯಾ?"

"ಅಂಗಡಿ ಗೋಡೆಗೆ ಹಾಕ್ತೀನಿ ಮಾವ. ವೈರು ಎಳೆಯೋದು ಅಂದ್ರೆ ಹೀಗೆ ಅಂತ ನಮ್ಮ ಕೆಲಸದ ಹುಡುಗರಿಗೆ ತೋರಿಸ್ಬೇಕು."

ಫೋಟೊಗ್ರಾಫರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತರು. ಅದೇ ಹೊತ್ತಿಗೆ ಹಿಂದಿನ ಕೋಣೆಯಿಂದ ಹೆಂಡತಿ ಕೂಗಿದಳು: "ರೀ, ಇದು ಮತ್ತೇನೋ ಕೇಳ್ತಿದೆ!"

"ಬೇಡ" ಅವರ ನಾಲಿಗೆಯ ತುದಿಯವರೆಗೂ ಬಂದಿತ್ತು. ಸೊಸೆ ನೋಡುತ್ತಿದ್ದಳು. ಅವರು ಅದನ್ನು ನುಂಗಿ, ದೊಡ್ಡ ಮನಸ್ಸು ಮಾಡಿ, ಬೀದಿಗೂ ಕೇಳುವಂತೆ ಹೇಳಿದರು: "ನೀನೇ ಓದು! ನಿಂಗೇನು ಸರಿ ಅನ್ಸುತ್ತೋ ಅದನ್ನ ಒತ್ತು!"

"ಒತ್ತಿ ಆಯ್ತು," ಎಂದಿತು ಹಿಂದಿನ ಕೋಣೆಯ ದನಿ. "ನಿಮಗೆ ತಿಳಿಸಿದೆ, ಅಷ್ಟೆ."