ಅಜ್ಜಿ ಅಂಗಡಿಯ ಎದುರು

“ನೀನಿರೋ ತನಕ ಬೇರೆ ಅಂಗಡಿ ಮೆಟ್ಟಿಲು ಹತ್ತಲ್ಲ ಅಜ್ಜಿ” ಎಂದು, ಹೆಂಡತಿ ತೀರಿಕೊಂಡ ವರ್ಷ, ಅವನು ಎದುರಿನ ಅಂಗಡಿಯಜ್ಜಿಗೆ ಮಾತು ಕೊಟ್ಟಿದ್ದ. ಅವನನ್ನು “ಊಟ ಆಯ್ತೇನಪ್ಪಾ” ಎಂದು ಕೇಳಲು ಉಳಿದಿದ್ದ ಜೀವ ಅದೊಂದೇ.

ಇವತ್ತು ಕೆಲಸ ಮುಗಿಸಿ ಬಂದವನ ಕೈಗೆ ಅಜ್ಜಿ ಒಂದು ಪಾರ್ಸಲ್ ಇಟ್ಟಳು. “ನಿನ್ನ ಮನೆಗೆ ಬೀಗ ಅಂತ ಪಾರ್ಸಲ್‌ನವನು ಇಲ್ಲೇ ಕೊಟ್ಟು ಹೋದ. ವಿಳಾಸದಲ್ಲಿ ಗುರುತಿಗೆ ನನ್ನ ಅಂಗಡೀನೇ ಬರೆಸಿದ್ದೀಯಲ್ಲ.” ಹರಿದ ಮೂಲೆಯಿಂದ ಅವನು ಮೊಬೈಲಿನಲ್ಲಿ ತರಿಸಿದ್ದ ಸೋಪು, ಚಹಾಪುಡಿ ಇಣುಕುತ್ತಿದ್ದವು, ಎರಡೂ ಅವಳ ಕಪಾಟಿನಲ್ಲೂ ಸಿಗುವಂಥವೇ. ಬೀಳದಿರಲೆಂದು ಅವಳೇ ಅಂಗಡಿಯ ದಾರ ಸುತ್ತಿ ಬಿಗಿದಿದ್ದಳು.

“ಬೇರೆ ಅಂಗಡಿ ಮೆಟ್ಟಿಲು ಹತ್ತಿಲ್ಲ ಅಜ್ಜಿ” ಎಂದ ಅವನು, ನೆಲ ನೋಡುತ್ತ.

“ಹೌದಪ್ಪ, ಅಂಗಡಿಯೇ ನಿನ್ನ ಮೆಟ್ಟಿಲು ಹತ್ತಿತು. ಭಾರ ಇದೆ, ತಳಕ್ಕೆ ಕೈ ಕೊಟ್ಟು ಹಿಡಿ.”

ಊಟದ ಮಾತು ಅವಳು ಎತ್ತಲಿಲ್ಲ. ಅವನು ಕೊಟ್ಟ ಮಾತಿಗೆ ತಪ್ಪಿದ್ದ.