ಚೌಕ ಕುಣಿ

ಸಲಿಕೆ ಊರಿ ನಿಂತಾಗಲೇ ಅಂದಪ್ಪನಿಗೆ ತನ್ನ ತಪ್ಪು ಕಂಡಿತು. ಇಳಕಲ್ಲಿನ ಕಬರಸ್ತಾನದಲ್ಲಿ ಅವನು ತೋಡಿದ ಕುಣಿ ಚೌಕವಾಗಿತ್ತು. ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಅಂದಪ್ಪನ ಲಿಂಗಾಯತ ಮಂದಿಯ ಪದ್ಧತಿ. ಇಲ್ಲಿ ಮಲಗಬೇಕಾದವನು ಅವನ ಗೆಳೆಯ ಮಕ್ತುಮಸಾಬ.

ವಾರಸುದಾರರಿಲ್ಲದ ಹೆಣಗಳನ್ನು ದವಾಖಾನೆಯಿಂದ ತಂದು ಅವರವರ ರೀತಿಯಲ್ಲಿ ಮಣ್ಣು ಮಾಡುತ್ತಿದ್ದವರು ಇವರಿಬ್ಬರು. ಉದ್ದನೆಯ ಕುಣಿಗೆ ಯಾವಾಗಲೂ ಮಕ್ತುಮಸಾಬನೇ ಗೆರೆ ಎಳೆಯುತ್ತಿದ್ದ. “ಇದೊಂದು ನಾ ಒಬ್ಬನ ತೋಡ್ತೇನಿ” ಎಂದು ಅಂದಪ್ಪ ಬೆಳಿಗ್ಗೆ ಹಟ ಹಿಡಿದಿದ್ದ. ಅಳುತ್ತ ತೋಡುವಾಗ ಕೈ ತನಗೆ ಗೊತ್ತಿದ್ದ ಅಳತೆಯನ್ನೇ ಹಿಡಿದಿತ್ತು. ಈಗ ಮಕ್ತುಮಸಾಬನನ್ನು ಹೊತ್ತ ಜನಾಜಾ ಗೇಟಿನೊಳಗೆ ಬಂದೇಬಿಟ್ಟಿತು.

“ತಪ್ಪಾತ್ರಿ” ಎಂದ, ತಲೆ ಎತ್ತದೆ. ಮಕ್ತುಮಸಾಬನ ಅಣ್ಣ ರಾಜೇಸಾಬ ಇನ್ನೊಂದು ಸಲಿಕೆ ಹಿಡಿದು ಕುಣಿಗಿಳಿದ. “ಅಳಬ್ಯಾಡೋ. ಉದ್ದ ತಗದ್ರ ಆತು, ಬಾ.” ಇಬ್ಬರೂ ಸೇರಿ ಉದ್ದ ಮಾಡಿದರು. “ಇಷ್ಟು ಸಾಕೇನು?” ಎಂದು ರಾಜೇಸಾಬ ಕೇಳಿದ. ಅಳತೆ ನೋಡಲು ಪ್ರತಿ ಸಲ ಕುಣಿಯಲ್ಲಿ ಮಲಗುತ್ತಿದ್ದವನು ಮಕ್ತುಮಸಾಬ; “ಭಾಳ ಆರಾಮ ಐತಲೇ ಅಂದಪ್ಪಾ” ಎಂದು ಒಳಗಿನಿಂದಲೇ ನಗಿಸುತ್ತಿದ್ದ. “ಅಂವ ನನ್ನಷ್ಟ ಎತ್ತರ” ಎಂದು ಅಂದಪ್ಪ ಈಗ ತಾನೇ ಮಲಗಿದ. ತಲೆಗೂ ಕಾಲಿಗೂ ಸರಿಹೋಯಿತು. ಮೊದಲು ಚೌಕವಾಗಿ ತೋಡಿದ್ದರಿಂದ ಅಗಲ ಮಾತ್ರ ಹೆಚ್ಚಾಗಿತ್ತು.

ಎಬ್ಬಿಸಲು ರಾಜೇಸಾಬ ಕೈ ಚಾಚಿದ. ಅಂದಪ್ಪ ಅದನ್ನು ಹಿಡಿಯಲಿಲ್ಲ. ಮೆಲ್ಲಗೆ ಒಂದು ಬದಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗ ಬಿಟ್ಟ.